ಬೋಟಿನಲ್ಲೇ ಹೇಳಿಬಿಡಿ: ನಮಗಾಗಿ ಮೀನು ಹಿಡಿಯಬೇಡಿ

ಸಂಪಾದಕರಿಗೆ ನಮಸ್ಕಾರ.

ಪರೀಕ್ಷೆಗಳು ಮುಗಿದಿವೆ. ಕಲಬುರಗಿಯಲ್ಲಿ ಬಿಸಿಲು ನೆತ್ತಿ ಸುಡಲು ಶುರುವಾಗಿದೆ. ಈ ಹೊತ್ತಿಗೆ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಕಡಲು ನೆನಪಾಗುತ್ತದೆ. ಗೋಕರ್ಣ, ಮುರ್ಡೇಶ್ವರ ಅಂತ ಗುಂಪು ಕಟ್ಟಿಕೊಂಡು ಹೊರಡುತ್ತಾರೆ. ಈಚೆಗೆ ಅದರ ಜೊತೆ ಸ್ಕೂಬಾ ಡೈವಿಂಗ್ ಕೂಡ ಸೇರಿದೆ. ನಮ್ಮ ಕಾಲೊನಿಯ ವಾಟ್ಸ್‌ಆ್ಯಪ್ ಗುಂಪಿನಲ್ಲೇ ಈ ವಾರ ಎರಡು ಪ್ಯಾಕೇಜ್‌ಗಳ ಜಾಹೀರಾತು ಬಂದವು. ಎರಡರಲ್ಲೂ ಒಂದೇ ಥರದ ಫೋಟೊ. ನೀರಿನ ಕನ್ನಡಕ ಹಾಕಿಕೊಂಡ ಹುಡುಗ, ಅವನ ಅಂಗೈಯಲ್ಲಿ ಚೆಂಡಿನ ಹಾಗೆ ಉಬ್ಬಿದ ಮೀನು.

ಆ ಫೋಟೊ ನೋಡಿದ ಮೇಲೆ ಈ ಪತ್ರ ಬರೆಯದೆ ಇರಲು ಆಗಲಿಲ್ಲ. ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಖಂಡಿತ ಹೋಗಿ. ಆದರೆ ನೀರಿಗೆ ಇಳಿಯುವ ಮೊದಲೇ, ಬೋಟಿನಲ್ಲಿ ಕೂತಿರುವಾಗಲೇ, ಒಂದು ಮಾತು ಹೇಳಬೇಕು. ಅದನ್ನು ನಾನು ಹೇಳದೆ ಇಳಿದೆ. ಹಾಗಾಗಿ ಏನಾಯಿತು ಎಂದು ಬರೆಯುತ್ತಿದ್ದೇನೆ.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ತಂದೆ ಶಹಾಬಾದಿನಲ್ಲಿ ಫರಸಿ ಕಲ್ಲಿನ ಗಣಿಯಲ್ಲಿ ಕೆಲಸ ಮಾಡಿದವರು. ಅಮ್ಮನ ತವರು ಬೀದರ್. ಕಡಲಿಗೂ ನಮ್ಮ ಮನೆತನಕ್ಕೂ ಯಾವ ಸಂಬಂಧವೂ ಇಲ್ಲ. ಹವಳದ ಚಿತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ, ಆದರೆ ಜೀವಂತ ಹವಳ ಕಂಡಿರಲಿಲ್ಲ. ನಾನು ಕಂಡಿದ್ದ ಹವಳ ಅಂದರೆ ಅಮ್ಮನ ತಾಳಿಸರದಲ್ಲಿ ಕರಿಮಣಿಗಳ ನಡುವೆ ಇದ್ದ ಎರಡು ಕೆಂಪು ಮಣಿ. ಕಳೆದ ಜನವರಿಯಲ್ಲಿ ಮಗಳು ಹಟ ಹಿಡಿದಳು. ‘ಅಮ್ಮ, ಇಷ್ಟು ವರ್ಷ ಪಾಠ ಮಾಡೀರಿ, ಒಮ್ಮೆ ನೋಡ್ರಿ ಮತ್ತ’ ಅಂದಳು. ಅವಳು, ನಾನು, ನನ್ನ ತಮ್ಮನ ಮಗ, ಅವನ ಇಬ್ಬರು ಗೆಳೆಯರು ಹೊರಟೆವು. ರಾತ್ರಿ ಬಸ್ಸಿಗೆ ಹುಬ್ಬಳ್ಳಿ. ಅಲ್ಲಿಂದ ಯಲ್ಲಾಪುರದ ಘಟ್ಟ ಇಳಿದು ಮುರ್ಡೇಶ್ವರ.

ಡೈವಿಂಗ್ ನಡೆಯುವುದು ನೇತ್ರಾಣಿ ದ್ವೀಪದ ಹತ್ತಿರ. ಮುರ್ಡೇಶ್ವರದ ದಂಡೆಯಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ. ಬೋಟಿನಲ್ಲಿ ಒಂದು ಗಂಟೆಗೂ ಜಾಸ್ತಿ ಬೇಕು. ತಮ್ಮನ ಮಗನಿಗೆ ದಾರಿಯುದ್ದಕ್ಕೂ ವಾಂತಿ. ಅವನು ತಲೆ ಎತ್ತಲೇ ಇಲ್ಲ.

ಹೋಗುವ ದಾರಿಯಲ್ಲಿ ಇನ್‌ಸ್ಟ್ರಕ್ಟರ್ ಎಲ್ಲ ಹೇಳಿಕೊಟ್ಟರು. ಬಾಯಿಂದಲೇ ಉಸಿರಾಡಬೇಕು. ಉಸಿರನ್ನು ಯಾವತ್ತೂ ಬಿಗಿಹಿಡಿಯಬಾರದು. ಕಿವಿ ಒತ್ತಿದರೆ ಮೂಗು ಹಿಡಿದು ಮೆಲ್ಲಗೆ ಗಾಳಿ ಒತ್ತಬೇಕು. ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ಎರಡರಷ್ಟಾಗುತ್ತದೆ, ಅದಕ್ಕೇ ಇಷ್ಟೆಲ್ಲ ಎಚ್ಚರಿಕೆ. ಸನ್ನೆಗಳನ್ನೂ ಕಲಿಸಿದರು. ನಮ್ಮಲ್ಲಿ ಹೆಬ್ಬೆರಳು ಎತ್ತಿದರೆ ‘ಭಾರಿ ಅದ’ ಅಂತ ಅರ್ಥ. ನೀರಿನೊಳಗೆ ‘ಮೇಲೆ ಹೋಗೋಣ’ ಅಂತ ಅರ್ಥ. ಚೆನ್ನಾಗಿದ್ದೇನೆ ಅನ್ನಲು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ ಸುತ್ತು ಮಾಡಬೇಕು. ಬಹಳ ತಾಳ್ಮೆಯಿಂದ, ಒಬ್ಬೊಬ್ಬರಿಗೂ ಮಾಡಿಸಿ ನೋಡಿದರು. ಅವರ ಮೇಲೆ ನನಗೆ ಗೌರವ ಇದೆ. ಆದರೆ ಹೇಳಿದ್ದೆಲ್ಲ ನಮ್ಮ ಜೀವದ ಬಗ್ಗೆ. ಕೆಳಗೆ ಇರುವವರ ಬಗ್ಗೆ ಒಂದು ಮಾತೂ ಬರಲಿಲ್ಲ. ನಾವೂ ಕೇಳಲಿಲ್ಲ.

ಮೊದಲ ಸಲ ಇಳಿಯುವವರಿಗೆ ಈಜು ಬರಬೇಕಾಗಿಲ್ಲ. ಇನ್‌ಸ್ಟ್ರಕ್ಟರ್ ನಮ್ಮ ಬೆನ್ನಿನ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡೇ ಇರುತ್ತಾರೆ. ಅವರು ಒಯ್ದ ಕಡೆ ಹೋಗಬೇಕು, ನಿಲ್ಲಿಸಿದ ಕಡೆ ನಿಲ್ಲಬೇಕು. ನಾನು ಇಳಿದದ್ದು ಇಪ್ಪತ್ತು ಇಪ್ಪತ್ತೈದು ಅಡಿ ಇರಬೇಕು.

ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ. ಮೊದಲು ನನ್ನದೇ ಉಸಿರಿನ ಸದ್ದು ಕೇಳಿತು. ಆಮೇಲೆ ಅದರ ನಡುವೆ ಕರ್ ಕರ್ ಅಂತ ಇನ್ನೊಂದು ಸದ್ದು. ತಿರುಗಿ ನೋಡಿದರೆ ಹಸಿರು ನೀಲಿ ಬಣ್ಣದ ಗಿಳಿಮೀನು ಬಂಡೆಗೆ ಬಾಯಿ ಹಚ್ಚಿ ಕೆರೆದು ತಿನ್ನುತ್ತಿತ್ತು. ನನ್ನ ಕಡೆ ನೋಡಲೂ ಇಲ್ಲ. ಎರಡು ಚಿಟ್ಟೆಮೀನು ಜೋಡಿಯಾಗಿ ಬಂದವು, ಒಂದು ತಿರುಗಿದರೆ ಇನ್ನೊಂದೂ ತಿರುಗುತ್ತಿತ್ತು. ಬಂಡೆಯ ಮೇಲೆ ಅಲ್ಲಲ್ಲಿ ಹವಳ. ಇಪ್ಪತ್ತೆರಡು ವರ್ಷ ಸೀಮೆಸುಣ್ಣದಲ್ಲಿ ಬರೆದದ್ದು ನನ್ನ ಕಣ್ಣೆದುರು ಇತ್ತು. ಕನ್ನಡಕದೊಳಗೆ ಕಣ್ಣೀರು ಬಂತು.

ಆಗ ಇನ್‌ಸ್ಟ್ರಕ್ಟರ್ ನನ್ನನ್ನು ಫೋಟೊಕ್ಕಾಗಿ ಕೆಳಗೆ ಮೊಣಕಾಲೂರಿಸಿದರು. ಎದುರಿಗೆ ಕ್ಯಾಮೆರಾದವರು ಬಂದರು. ನಾನು ಬೆರಳಿನ ಸುತ್ತು ಮಾಡಿ ತೋರಿಸಿದೆ. ಅದೇ ಹೊತ್ತಿಗೆ ಬಲ ಮೊಣಕಾಲಿನ ಕೆಳಗೆ ಏನೋ ಚಟ್ಟನೆ ಮುರಿಯಿತು. ನೀರಿನಲ್ಲೂ ಕೇಳಿತು. ನಾನು ಕಲ್ಲಿನ ಕೆಲಸದವರ ಮಗಳು. ಸುಣ್ಣದ ಕಲ್ಲು ಮುರಿಯುವ ಸದ್ದು ನನಗೆ ಗೊತ್ತು. ಕಾಲು ಎತ್ತಲು ನೋಡಿದೆ, ಸೊಂಟಕ್ಕೆ ಕಟ್ಟಿದ ಭಾರಕ್ಕೆ ಮತ್ತೆ ಅಲ್ಲೇ ಕುಸಿದೆ. ಬೇಡ ಅನ್ನಬೇಕೆಂದರೆ ಬಾಯಲ್ಲಿ ಸಿಲಿಂಡರಿನ ಗಾಳಿ ಕೊಡುವ ರೆಗ್ಯುಲೇಟರ್. ‘ಇಲ್ಲಿ ಕೂರಿಸಬೇಡಿ’ ಅನ್ನುವುದಕ್ಕೆ ನನಗೆ ಯಾವ ಸನ್ನೆಯೂ ಬರುತ್ತಿರಲಿಲ್ಲ.

ಅಲ್ಲಿಗೇ ಮುಗಿಯಲಿಲ್ಲ. ಅಂಗೈಗೆ ಒಂದು ಕಡಲ ಸೌತೆಯನ್ನು ಇಟ್ಟರು. ಹೆಸರು ಸೌತೆ, ಆದರೆ ಅದು ಪ್ರಾಣಿ. ಮೆತ್ತಗಿತ್ತು, ಮೆಲ್ಲಗೆ ಬಿಗಿಯಾಯಿತು. ಜಾಸ್ತಿ ಹೆದರಿಸಿದರೆ ಅವು ತಮ್ಮ ಕರುಳನ್ನೇ ಹೊರಗೆ ಹಾಕಿಬಿಡುತ್ತವೆ ಅಂತ ನಾನೇ ಮಕ್ಕಳಿಗೆ ಹೇಳಿದ್ದೇನೆ. ಕೈ ನಡುಗಿತು. ಮರಳಿನ ಮೇಲೆ ಇಟ್ಟುಬಿಟ್ಟೆ. ನಮ್ಮಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ತಂಡದ ಹುಡುಗನ ಎದುರಿಗೆ ಯಾರೋ ಒಂದು ಪಫರ್ ಮೀನನ್ನು ಸಂದಿಯಿಂದ ಹಿಡಿದು ತಂದು ತಟ್ಟಿ ತಟ್ಟಿ ಉಬ್ಬಿಸುತ್ತಿದ್ದರು. ಹುಡುಗ ಅದನ್ನು ಎರಡೂ ಕೈಯಲ್ಲಿ ಹಿಡಿದ. ಅವನ ಕಣ್ಣಲ್ಲಿ ಸಂತೋಷ ಕಾಣುತ್ತಿತ್ತು. ಮೀನಿಗೆ ಏನಾಗುತ್ತಿದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ.

ಏನಾಗುತ್ತದೆ ಗೊತ್ತಾ? ಆ ಮೀನು ಆಟಕ್ಕೆ ಉಬ್ಬುವುದಿಲ್ಲ. ಇನ್ನೇನು ಯಾರೋ ನುಂಗಿಬಿಡುತ್ತಾರೆ ಅನ್ನಿಸಿದಾಗ ಗುಟುಕು ಗುಟುಕಾಗಿ ನೀರು ನುಂಗಿ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಅದು ಅದರ ಕೊನೆಯ ಉಪಾಯ. 2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ಅಳೆದು ನೋಡಿದ್ದಾರೆ. ಒಮ್ಮೆ ಉಬ್ಬಿದ ಮೀನಿನ ಉಸಿರಾಟ ಮೊದಲಿನ ಮಟ್ಟಕ್ಕೆ ಬರಲು ಸರಾಸರಿ ಐದು ಗಂಟೆಗೂ ಜಾಸ್ತಿ ಬೇಕಾಯಿತಂತೆ. ಬೆಳಿಗ್ಗೆಯ ಬೋಟಿನವರು ಒಮ್ಮೆ, ಮಧ್ಯಾಹ್ನದ ಬೋಟಿನವರು ಒಮ್ಮೆ ಅದೇ ಮೀನನ್ನು ಉಬ್ಬಿಸಿದರೆ ಅದಕ್ಕೆ ದಿನದಲ್ಲಿ ಉಳಿಯುವುದೇನು? ನೀರಿನಿಂದ ಮೇಲೆ ಎತ್ತಿದರೆ ಇನ್ನೂ ಕಷ್ಟ. ನೀರಿನ ಬದಲು ಗಾಳಿ ನುಂಗುತ್ತದೆ, ಆಮೇಲೆ ಅದನ್ನು ಹೊರಗೆ ಹಾಕಲು ಒದ್ದಾಡುತ್ತದೆ.

ಬೋಟಿಗೆ ಹತ್ತಿದ ಮೇಲೆ ನನ್ನ ಇನ್‌ಸ್ಟ್ರಕ್ಟರನ್ನು ಪಕ್ಕಕ್ಕೆ ಕರೆದು ಕೇಳಿದೆ. ಜಗಳಕ್ಕಲ್ಲ. ‘ತಮ್ಮಾ, ಅದನ್ನೆಲ್ಲ ಯಾಕೆ ಹಿಡಿದು ಕೊಡ್ತೀರಿ?’ ಎಂದೆ. ಅವರು ಮೀನುಗಾರರ ಮನೆಯ ಹುಡುಗ. ಮುಖ ಸಣ್ಣದಾಯಿತು. ‘ಮೇಡಂ, ಎಲ್ಲರೂ ಅದನ್ನೇ ಕೇಳ್ತಾರೆ. ಮುಟ್ಟಿಸ್ಲಿಲ್ಲ ಅಂದ್ರೆ ದುಡ್ಡು ದಂಡ ಆಯ್ತು ಅಂತಾರೆ. ನೀವು ಮೊದಲೇ ಬೇಡ ಅಂದಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ’ ಅಂದರು.

ಈ ಪತ್ರ ಬರೆಸಿದ್ದು ಆ ಕೊನೆಯ ವಾಕ್ಯ.

ಯಾಕೆಂದರೆ ಅವರು ಹೇಳಿದ್ದು ನಿಜ. ನೀರಿನೊಳಗೆ ನಮಗೆ ಮಾತಿಲ್ಲ. ಮೊದಲ ಸಲ ಇಳಿದವರಿಗೆ ಕೈಕಾಲಿನ ಮೇಲೂ ಹತೋಟಿ ಇಲ್ಲ. ನೀರಿನಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಮತ್ತು ದೊಡ್ಡದಾಗಿ ಕಾಣುತ್ತದೆ, ಹಾಗಾಗಿ ದೂರದ ಅಂದಾಜೂ ತಪ್ಪುತ್ತದೆ. ನಾವು ಎಲ್ಲಿ ನಿಲ್ಲುತ್ತೇವೆ, ಏನು ಹಿಡಿಯುತ್ತೇವೆ ಅನ್ನುವುದು ಬೋಟಿನಲ್ಲಿ ನಾವು ಏನು ಕೇಳಿದೆವು ಅನ್ನುವುದರ ಮೇಲೇ ಹೋಗುತ್ತದೆ. ‘ಅಣ್ಣಾ, ಮೀನು ಹಿಡಿಸಿ ವಿಡಿಯೊ ಮಾಡ್ರಿ’ ಅಂತ ನಮ್ಮ ಹುಡುಗರು ಕೂಗಿ ಹೇಳುವುದನ್ನು ನಾನೇ ಕೇಳಿದ್ದೇನೆ. ಆ ಕೂಗು ಇಳಿಯುವ ಮೊದಲೇ ಆ ಮೀನಿನ ಪಾಡನ್ನು ತೀರ್ಮಾನ ಮಾಡಿಬಿಟ್ಟಿರುತ್ತದೆ.

ತಮ್ಮನ ಮಗ, ಮಗಳು ಎರಡನೇ ಸರದಿಯಲ್ಲಿ ಇಳಿಯುವವರಿದ್ದರು. ಆಗ ಎಲ್ಲರ ಎದುರಿಗೇ ಹೇಳಿದೆ. ‘ನಮ್ಮ ಮಕ್ಕಳಿಗಾಗಿ ಏನನ್ನೂ ಹಿಡಿಯಬೇಡಿ, ಏನನ್ನೂ ಮುಟ್ಟಿಸಬೇಡಿ. ಹವಳದ ಮೇಲೆ ಕೂರಿಸಬೇಡಿ. ಫೋಟೊ ಬರದಿದ್ದರೆ ಬೇಡ. ಬೆರಳು ಮಾಡಿ ತೋರಿಸಿದರೆ ಸಾಕು.’ ಆ ಹುಡುಗ ತಲೆಯಾಡಿಸಿದರು. ಅವರಿಗೂ ಹಗುರಾದಂತೆ ಕಂಡಿತು. ಮಗಳ ವಿಡಿಯೊ ನನ್ನ ಹತ್ತಿರ ಇದೆ. ಅದರಲ್ಲಿ ಯಾರ ಕೈಯಲ್ಲೂ ಏನೂ ಇಲ್ಲ. ಒಂದು ಕಡೆ ಇನ್‌ಸ್ಟ್ರಕ್ಟರ್ ಕೈ ಚಾಚಿ ಅವಳನ್ನು ತಡೆದು ನಿಲ್ಲಿಸುತ್ತಾರೆ, ಬಂಡೆಯ ಸಂದಿಯನ್ನು ತೋರಿಸುತ್ತಾರೆ. ಹಾವಿನಂಥ ಮೋರೆ ಈಲ್ ತಲೆ ಹೊರಗೆ ಹಾಕಿ ಬಾಯಿ ತೆರೆದು ಮುಚ್ಚಿ ಮಾಡುತ್ತಿದೆ. ಕಚ್ಚಲು ಬರುತ್ತಿದೆ ಅಂತ ಬಹಳ ಜನ ತಿಳಿಯುತ್ತಾರೆ. ಅದು ಉಸಿರಾಡುತ್ತಿರುವುದು, ಕಿವಿರಿಗೆ ನೀರು ಹಾಯಿಸುತ್ತಿರುವುದು. ಮೂವರೂ ಅಲುಗಾಡದೆ ನಿಂತಿದ್ದಾರೆ. ಅದೂ ಒಳಗೆ ಹೋಗಲಿಲ್ಲ. ಮೇಲೆ ಬಂದ ತಮ್ಮನ ಮಗ ಹೇಳಿದ್ದು, ‘ಅತ್ತಿ, ಅದು ನಮ್ಮನ್ನ ನೋಡಕೋತ ಕುಂತಿತ್ತು’ ಅಂತ. ಬೋಟಿನಲ್ಲಿ ವಾಂತಿ ಮಾಡಿ ಬಾಡಿದ ಮುಖ ಅರಳಿತ್ತು.

ಹವಳದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬಹಳ ಜನರಿಗೆ ಅದು ಕಲ್ಲು ಅಂತಲೇ ಗೊತ್ತು. ಅದು ಪ್ರಾಣಿ. ಕಾಳಿನಷ್ಟು ಸಣ್ಣ ಸಾವಿರಾರು ಪ್ರಾಣಿಗಳು ಒಟ್ಟಿಗೆ ಕೂಡಿ ಸುಣ್ಣದ ಮನೆ ಕಟ್ಟುತ್ತವೆ. ನಮ್ಮ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ಬಹಳ ಹಿಂದಿನ ಕಾಲದ ಕಡಲ ತಳದಲ್ಲಿ ಪದರಪದರವಾಗಿ ಕೂತು ಗಟ್ಟಿಯಾದದ್ದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಅದನ್ನು ಹವಳ ಕಟ್ಟಿದ್ದಲ್ಲ. ಆದರೂ ಮನೆಯ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆಯುವಾಗ ಈಗ ನನಗೆ ಆ ಕಡಲು ನೆನಪಾಗುತ್ತದೆ. ಗುಂಡಗೆ ಬೆಳೆಯುವ ಹವಳಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು ಬೆಳೆಯುತ್ತವೆ. ಒಂದು ಗೇಣು ಎತ್ತರ ಆಗಬೇಕಾದರೆ ಸುಮಾರು ಇಪ್ಪತ್ತು ವರ್ಷ. ನನ್ನ ಮಗಳ ವಯಸ್ಸು. ಒಂದು ಫೋಟೊಕ್ಕಾಗಿ ಮೊಣಕಾಲೂರಿದರೆ ಅಷ್ಟು ವರ್ಷ ಹೋಯಿತು. ಮುರಿಯದಿದ್ದರೂ ಕಾಲಿನ ಬಡಿತಕ್ಕೆ ಎದ್ದ ಮರಳು ಅದರ ಮೇಲೆ ಕೂತು ಬಾಯಿ ಮುಚ್ಚುತ್ತದೆ.

ಕಡಲ ತಳದಲ್ಲಿ ಹವಳದ ದಿಬ್ಬಗಳಿರುವ ಜಾಗ ನೂರಕ್ಕೆ ಒಂದು ಪಾಲೂ ಇಲ್ಲ. ಆದರೆ ಕಡಲ ಜೀವಿಗಳಲ್ಲಿ ಸುಮಾರು ಕಾಲು ಭಾಗದ ಬಗೆಗಳು ಅದನ್ನೇ ನೆಚ್ಚಿಕೊಂಡಿವೆ. ಅದಕ್ಕೆ ಈಗಾಗಲೇ ಕಷ್ಟ ಬಂದಿದೆ. ಬಿಸಿಲೂರಿನವರಾದ ನಾವು 43 ಡಿಗ್ರಿಯನ್ನೂ ಹೇಗೋ ತಡೆದುಕೊಳ್ಳುತ್ತೇವೆ. ಹವಳಕ್ಕೆ ಬೇಸಿಗೆಯ ನೀರು ಎಂದಿಗಿಂತ ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಉಳಿದರೆ ಸಾಕು, ಬಣ್ಣ ಬಿಟ್ಟು ಬೆಳ್ಳಗಾಗುತ್ತದೆ. ತನ್ನೊಳಗೆ ಇದ್ದು ಅನ್ನ ಕೊಡುವ ಸಣ್ಣ ಪಾಚಿಯನ್ನೇ ಹೊರಗೆ ಹಾಕುತ್ತದೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ಇಡೀ ಜಗತ್ತಿನ ಕಡಲುಗಳಲ್ಲಿ ನಾಲ್ಕನೇ ಸಲ ಹೀಗಾಗುತ್ತಿದೆ ಎಂದು ಸಾರಿದರು. ನಮ್ಮ ಲಕ್ಷದ್ವೀಪದ ಹವಳವೂ ಅದೇ ವರ್ಷ ಬೆಳ್ಳಗಾಯಿತು. ಜ್ವರ ಬಂದು ಮಲಗಿದವರ ಮೇಲೆ ಯಾರಾದರೂ ಕಾಲಿಡುತ್ತಾರಾ?

ಊರಿಗೆ ಬಂದ ಮೇಲೆ ಹತ್ತಿರದ ಸಂಬಂಧಿಕರೊಬ್ಬರ ಮನೆಗೆ ಹೋಗಿದ್ದೆ. ಶೋಕೇಸಿನಲ್ಲಿ ಬೆಳ್ಳಗಿನ ಹವಳದ ಟೊಂಗೆ. ವರ್ಷಗಳಿಂದ ಅಲ್ಲೇ ಇತ್ತು, ನಾನು ನೋಡಿರಲೇ ಇಲ್ಲ. ‘ಬಿದ್ದಿದ್ದೇ ಇತ್ತು, ಸುಮ್ನೆ ತಂದೀವಿ’ ಅಂದರು. ಅವರು ಕೆಟ್ಟವರಲ್ಲ. ಗೊತ್ತಿರಲಿಲ್ಲ. ದಿಬ್ಬ ಕಟ್ಟುವ ಎಲ್ಲ ಹವಳಗಳನ್ನೂ 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಲಾಗಿದೆ. ಬೀದರ್ ಸೀಮೆಯ ಹುಲ್ಲುಗಾವಲಿನಲ್ಲಿ ಓಡುವ ಕೃಷ್ಣಮೃಗ ಇರುವುದೂ ಅದೇ ಪಟ್ಟಿಯಲ್ಲಿ. ಅದನ್ನು ಕೊಂದವರಿಗೆ ಜೈಲು ಅಂತ ಸಣ್ಣ ಮಕ್ಕಳಿಗೂ ಗೊತ್ತು. ಹವಳಕ್ಕೂ ಅದೇ ಕಾನೂನು ಅಂತ ಯಾರಿಗೂ ಗೊತ್ತಿಲ್ಲ. ಈ ಪಟ್ಟಿಯ ಜೀವಿಗಳ ವಿಷಯದಲ್ಲಿ ತಪ್ಪು ಮಾಡಿದರೆ ಕನಿಷ್ಠ 3 ವರ್ಷ, 7 ವರ್ಷದವರೆಗೆ ಜೈಲು, ಮೇಲೆ 25 ಸಾವಿರಕ್ಕೆ ಕಡಿಮೆಯಿಲ್ಲದ ದಂಡ. ಹೆದರಿಸಲು ಹೇಳುತ್ತಿಲ್ಲ. ಮಕ್ಕಳು ಆಸೆಯಿಂದ ಜೇಬಿಗೆ ಹಾಕಿಕೊಂಡು ಬರುವ ಮೊದಲು ಹಿರಿಯರಿಗಾದರೂ ತಿಳಿದಿರಲಿ ಅಂತ.

ಕಡಲಾಮೆ ಕಂಡರೆ ಬೆನ್ನಟ್ಟಬೇಡಿ. ಅದಕ್ಕೂ ನಮ್ಮ ಹಾಗೆ ಶ್ವಾಸಕೋಶ ಇದೆ, ಉಸಿರಿಗೆ ಮೇಲೆ ಬರಲೇಬೇಕು. ಸೆಲ್ಫಿಗಾಗಿ ನಾಲ್ಕು ಜನ ಮೇಲಿನಿಂದ ಸುತ್ತುವರಿದರೆ ಅದಕ್ಕೆ ಉಸಿರಿನ ದಾರಿಯೇ ಮುಚ್ಚುತ್ತದೆ. ಮೀನಿಗೆ ಬ್ರೆಡ್ಡು, ಬಿಸ್ಕತ್ತು ಹಾಕಬೇಡಿ. ಮೀನಿನ ಮೈಮೇಲಿನ ಲೋಳೆ ಅದಕ್ಕೆ ರೋಗ ತಗಲದಂತೆ ಕಾಯುವ ಹೊದಿಕೆ, ನಮ್ಮ ಕೈ ತಾಗಿದರೆ ಅದು ಅಳಿಸಿ ಹೋಗುತ್ತದೆ. ಸನ್‌ಸ್ಕ್ರೀನ್ ವಿಷಯವೂ ಇದೆ. ಹವಳಕ್ಕೆ ಹಾನಿ ಅಂತ ಹವಾಯಿಯಲ್ಲಿ 2021ರಿಂದ ಆಕ್ಸಿಬೆನ್‌ಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರುವಂತಿಲ್ಲ. ತುಂಬು ತೋಳಿನ ಅಂಗಿ ಹಾಕಿಕೊಂಡರೆ ಆಯಿತು. ನಮ್ಮ ಬಿಸಿಲಿಗೆ ತಲೆಗೆ ಸೆರಗು, ಟವೆಲ್ಲು ಸುತ್ತಿಕೊಳ್ಳುವುದು ನಮಗೇನು ಹೊಸದಲ್ಲ.

ಇದನ್ನೆಲ್ಲ ಹೇಳಿದಾಗ ಕೆಲವರು ‘ಮುಟ್ಟದೆ ನೋಡಿದರೆ ಏನು ಮಜಾ’ ಅನ್ನುತ್ತಾರೆ. ಅವರಿಗೆ ನಾನು ಬೀದರಿನ ಝರಣಿ ನರಸಿಂಹನ ಗುಡಿ ನೆನಪಿಸುತ್ತೇನೆ. ಸಣ್ಣವಳಿದ್ದಾಗ ಅಜ್ಜಿ ಜೊತೆ ಹೋಗಿದ್ದೆ. ಗುಹೆಯೊಳಗೆ ದೊಡ್ಡವರಿಗೆ ಎದೆಮಟ್ಟದ ನೀರು. ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯಬೇಕು. ಮೇಲೆ ಚಾವಣಿಗೆ ಬಾವಲಿಗಳು ತೂಗುತ್ತಿದ್ದವು. ಮಾವನ ಹೆಗಲ ಮೇಲಿದ್ದ ನನಗೆ ಕೈಗೆ ಎಟುಕುವಷ್ಟು ಹತ್ತಿರ. ನಾನು ಕೈ ಚಾಚಿದೆ. ಹಿಂದಿನಿಂದ ಅಜ್ಜಿ, ‘ಬ್ಯಾಡವ್ವಾ, ಅವು ಸ್ವಾಮಿ ಮನಿಯಾಗ ಇರೋವು’ ಅಂದರು. ಕೈ ಹಿಂದಕ್ಕೆ ತೆಗೆದುಕೊಂಡೆ. ಅಷ್ಟು ಜನ ಸಾಲಿನಲ್ಲಿ ನಡೆದರು, ಯಾರೂ ಒಂದು ಬಾವಲಿಯನ್ನೂ ಮುಟ್ಟಲಿಲ್ಲ. ದರ್ಶನದ ಸಂತೋಷ ಯಾರಿಗೂ ಕಡಿಮೆ ಆಗಲಿಲ್ಲ. ನಮ್ಮ ಕಡೆಯವರಿಗೆ ಇದು ಗೊತ್ತಿಲ್ಲದ ನಡವಳಿಕೆಯಲ್ಲ. ಕಡಲಿನಲ್ಲಿ ಮರೆತುಬಿಡುತ್ತೇವೆ, ಅಷ್ಟೆ.

ಗುಜರಾತಿನಲ್ಲಿ ನಡೆದದ್ದು ನೋಡಿ. ಅಲ್ಲಿಯ ಕಡಲಿಗೆ ಜಗತ್ತಿನ ಅತಿ ದೊಡ್ಡ ಮೀನಾದ ತಿಮಿಂಗಿಲ ಶಾರ್ಕ್ ಬರುತ್ತದೆ. ಒಂದು ಕಾಲದಲ್ಲಿ ಎಣ್ಣೆಗಾಗಿ, ಮಾಂಸಕ್ಕಾಗಿ ಅದನ್ನು ಕೊಲ್ಲುತ್ತಿದ್ದರು. 2001ರಲ್ಲಿ ಕಾನೂನು ಬಂತು. ಆದರೆ ಮೀನುಗಾರರ ಮನಸ್ಸಿಗೆ ನಾಟಿದ್ದು 2004ರಿಂದ ಕಥಾವಾಚಕ ಮೊರಾರಿ ಬಾಪು ಊರೂರಿನಲ್ಲಿ ಹೇಳಿದ ಮಾತು: ಇದು ಹೆರಿಗೆಗೆ ತವರಿಗೆ ಬಂದ ಮಗಳು. ಜನ ಅದಕ್ಕೆ ‘ವ್ಹಾಲಿ’, ಅಂದರೆ ಮುದ್ದಿನವಳು ಅಂತ ಹೆಸರಿಟ್ಟರು. ಬಲೆಗೆ ಬಿದ್ದರೆ ತಮ್ಮ ಬಲೆಯನ್ನೇ ಕತ್ತರಿಸಿ ಬಿಡತೊಡಗಿದರು. ಹೊಟ್ಟೆಪಾಡಿನ ಬಲೆಯನ್ನೇ ಅವರು ಕತ್ತರಿಸಿರುವಾಗ, ನಾವು ಒಂದು ವಿಡಿಯೊ ಬಿಡಲಾರೆವಾ?

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಪ್ರವಾಸದ ಪುಟಕ್ಕೆ ಓದುಗರು ಕಳಿಸುವ ಫೋಟೊಗಳಲ್ಲಿ ಉಬ್ಬಿದ ಮೀನು, ಕೈಯಲ್ಲಿ ಹಿಡಿದ ನಕ್ಷತ್ರಮೀನು ಇದ್ದರೆ ದಯವಿಟ್ಟು ಹಾಕಬೇಡಿ. ಪತ್ರಿಕೆಯಲ್ಲಿ ಬಂದದ್ದನ್ನು ಮಕ್ಕಳು ಸರಿ ಅಂತ ತಿಳಿಯುತ್ತಾರೆ. ಇಲ್ಲಿಂದ ಗುಂಪು ಕರೆದೊಯ್ಯುವ ಪ್ಯಾಕೇಜಿನವರಿಗೂ ಹೇಳುತ್ತೇನೆ, ಆ ಫೋಟೊ ತೆಗೆದು ಬೇರೆ ಹಾಕಿ. ಬುಕಿಂಗ್ ಮಾಡುವಾಗಲೇ ಡೈವಿಂಗ್‌ನವರಿಗೆ ‘ನಮ್ಮ ಗುಂಪಿಗೆ ಏನನ್ನೂ ಹಿಡಿದು ಕೊಡಬೇಡಿ’ ಅಂತ ತಿಳಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಎಲ್ಲ ಇನ್‌ಸ್ಟ್ರಕ್ಟರ್‌ಗಳೂ ಹೀಗೆ ಮಾಡುತ್ತಾರೆ ಅಂತ ನಾನು ಹೇಳುವುದಿಲ್ಲ. ಮುಟ್ಟಲು ಬಿಡದ ಒಳ್ಳೆಯವರೂ ಇದ್ದಾರೆ. ಅಂಥವರನ್ನೇ ಹುಡುಕಿ ಹೋಗಿ, ಅವರಿಗೆ ದುಡಿಮೆ ಆಗಲಿ.

ಮೊಣಕಾಲೂರಿ ಕೂತ ನನ್ನ ಫೋಟೊ ಇನ್ನೂ ಫೋನಿನಲ್ಲಿದೆ. ಪಕ್ಕದ ಮನೆಯವರೆಲ್ಲ ಚೆನ್ನಾಗಿ ಬಂದಿದೆ ಅಂದರು. ಅಳಿಸಿಲ್ಲ. ಕಳೆದ ತಿಂಗಳು ಅದನ್ನು ಒಂಬತ್ತನೇ ತರಗತಿಯ ಮಕ್ಕಳಿಗೆ ತೋರಿಸಿ, ದೊಡ್ಡದು ಮಾಡಿ, ಮೊಣಕಾಲಿನ ಕೆಳಗೆ ಏನಿದೆ ಅಂತ ಕೇಳಿದೆ. ‘ಕಲ್ಲು, ಟೀಚರ್’ ಅಂದರು. ಅಲ್ಲಿಂದ ಪಾಠ ಶುರು ಮಾಡಿದೆ.

ತಮ್ಮನ ಮಗ ಬರುವ ಶುಕ್ರವಾರ ಮತ್ತೆ ಹೊರಟಿದ್ದಾನೆ, ಈ ಸಲ ಎಂಟು ಜನ ಗೆಳೆಯರ ಜೊತೆ. ನಿನ್ನೆ ರಾತ್ರಿ ಪ್ಯಾಕೇಜಿನವರ ಗುಂಪಿನಲ್ಲಿ ಅವನು ಹಾಕಿದ ಸಂದೇಶವನ್ನು ನನಗೆ ತೋರಿಸಿದ: ‘ಅಣ್ಣಾ, ನಮಗ ಮೀನ ಹಿಡದು ಕೊಡೂದು ಬ್ಯಾಡ. ದೂರದಿಂದ ತೋರಿಸ್ರಿ.’ ಕೆಳಗೆ ಅವನ ಆರು ಜನ ಗೆಳೆಯರು ‘ನಮಗೂ ಬ್ಯಾಡ’ ಅಂತ ಬರೆದಿದ್ದರು. ಇನ್ನಿಬ್ಬರ ಉತ್ತರಕ್ಕೆ ಕಾಯುತ್ತಿದ್ದಾನೆ.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ಕಲಬುರಗಿ